ಮೊದಲು ಮುಯ್ಯಿ ಪುಸ್ತಕ, ಆಮೇಲೆ ಮಂಟಪ

ಮನೆಯಲ್ಲಿ ಮದುವೆ ಗೊತ್ತಾದ ಕೂಡಲೇ ನಮ್ಮ ಕಡೆ ಗಂಡಸರು ಮಂಟಪ ನೋಡಲು ಹೋಗುತ್ತಾರೆ, ಹೆಂಗಸರು ಬಂಗಾರದ ರೇಟು ಕೇಳುತ್ತಾರೆ. ಎರಡೂ ಬೇಕಾದ ಕೆಲಸಗಳೇ. ಆದರೆ ಅದಕ್ಕಿಂತ ಮೊದಲು ಟ್ರಂಕಿನ ತಳದಲ್ಲಿರುವ ಹಳೆ ಮುಯ್ಯಿ ಪುಸ್ತಕ, ಅಂದರೆ ಹಿಂದಿನ ಮದುವೆಗೆ ಬಂದವರು ಕೊಟ್ಟ ರೊಕ್ಕದ ಲೆಕ್ಕ, ಹೊರಗೆ ತೆಗೆಯಿರಿ. ಬಜೆಟ್ ಶುರುವಾಗುವುದು ಅಲ್ಲಿಂದ.

ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಭತ್ತದ ತೂಕ, ಹಮಾಲಿ, ಲಾರಿ ಬಾಡಿಗೆ ಬರೆದು ರೂಢಿ ಇದ್ದವಳು ಅಂತ ಮನೆಯ ಮದುವೆ ಲೆಕ್ಕವೂ ನನ್ನ ಕೊರಳಿಗೇ ಬಿತ್ತು. ಮೊದಲು ಅಣ್ಣನ ಮದುವೆ, ಆಮೇಲೆ 2025ರ ವೈಶಾಖದಲ್ಲಿ ತಂಗಿಯ ಮದುವೆ. ತಂಗಿಯದು ನಾವು ಹಾಕಿಕೊಂಡ 8 ಲಕ್ಷದ ಒಳಗೇ ಮುಗಿಯಿತು. ಹೇಗೆ ಅಂತ ಓಣಿಯವರು ಕೇಳುತ್ತಲೇ ಇರುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಎಷ್ಟು ಮಂದಿ?

ಊಟ, ನೀರು, ಕುರ್ಚಿ, ಮಂಟಪದ ಅಳತೆ, ಕಾರ್ಡು, ಗಾಡಿ, ನೆಂಟರಿಗೆ ಕೊಡುವ ಸೀರೆ ಉಡುಗೊರೆಯ ಆಯೇರಿ. ಇವೆಲ್ಲ ತಲೆಲೆಕ್ಕದ ಹಿಂದೆ ಹೋಗುವ ಖರ್ಚು. ಮಂದಿ ಎಷ್ಟು ಅಂತ ಗೊತ್ತಿಲ್ಲದೆ ಯಾರ ಹತ್ತಿರ ರೇಟು ಕೇಳಿದರೂ ಸುಮ್ನೆ.

ನಮ್ಮಪ್ಪನನ್ನು ಕೇಳಿದರೆ, “ಸಾವಿರ ಮಂದಿ ಆಗಬಹುದು, ಸಾವಿರದಾ ಇನ್ನೂರೂ ಆಗಬಹುದು” ಅಂದರು. ಮಂಟಪದವರ ಮುಂದೆ ಹೀಗೆ ಹೇಳಿದರೆ ಅವರು ಸಾವಿರದಾ ಇನ್ನೂರಕ್ಕೇ ಲೆಕ್ಕ ಹಾಕುತ್ತಾರೆ. ಮುಯ್ಯಿ ಪುಸ್ತಕದಲ್ಲಿ ನಿಜ ಇರುತ್ತದೆ. ಅಣ್ಣನ ಮದುವೆಗೆ ಯಾವ ಊರಿನಿಂದ ಯಾರು ಬಂದಿದ್ದರು, ಎಷ್ಟು ಮುಯ್ಯಿ ಮಾಡಿದ್ದರು, ಎಲ್ಲ ಸಾಲಾಗಿ ಬರೆದಿದೆ. ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪೆನ್ಸಿಲ್ ಹಿಡಿದು ಪ್ರತಿ ಹೆಸರಿನ ಮುಂದೆ ‘1’, ‘2’ ಇಲ್ಲವೇ ‘ಮನೆ’ ಅಂತ ಬರೆಯುತ್ತಾ ಹೋದೆ. ಒಬ್ಬರೇ ಬಂದು ಹೋಗುವವರಿಗೆ 1. ಗಂಡ ಹೆಂಡತಿ ಬರುವವರಿಗೆ 2. ಮನೆ ಮಂದಿಯೆಲ್ಲ ಬರುವವರಿಗೆ ‘ಮನೆ’, ಅದರ ಪಕ್ಕದಲ್ಲೇ ಆ ಮನೆಯಲ್ಲಿ ಮಕ್ಕಳು ಮರಿ ಸೇರಿ ಎಷ್ಟು ಮಂದಿ ಅಂತ. ತೀರಿಹೋದವರು, ಮಾತು ಬಿಟ್ಟವರು, ಊರು ಬಿಟ್ಟವರು ಬಿಟ್ಟುಹೋದರು. ಅಣ್ಣನ ಮದುವೆ ಆದಮೇಲೆ ನಾವು ಯಾರ್‍ಯಾರ ಮನೆಗೆ ಮುಯ್ಯಿ ಮಾಡಿ ಬಂದಿದ್ದೆವೋ ಅವರು ಸೇರಿದರು. ಅವರು ಬಂದೇ ಬರುತ್ತಾರೆ, ಬಾಕಿ ತೀರಿಸಬೇಕಲ್ವಾ? ಬೀಗರ ಕಡೆಯ ಲೆಕ್ಕ ಅವರನ್ನೇ ಕೇಳಿ ಬರೆದುಕೊಂಡೆವು. ಎಲ್ಲ ಕೂಡಿಸಿದರೆ 640 ಬಂತು. ಮರೆತವರಿಗೆ, ಜೊತೆಗೆ ಬರುವವರಿಗೆ ಅಂತ ಸೇರಿಸಿ 750 ಅಂತ ಗಟ್ಟಿ ಮಾಡಿದೆವು.

ಈ ಗುರುತು ಕಾರ್ಡು ಹಂಚುವಾಗಲೂ ಕೆಲಸಕ್ಕೆ ಬರುತ್ತದೆ. ನಮ್ಮ ಕಡೆ ಕಾರ್ಡು ಕೊಡುವವರು ಬಾಗಿಲಲ್ಲಿ ನಿಂತು, “ಮನಿ ಮಂದೆಲ್ಲಾ ಬರ್ರಿ, ಅವತ್ತು ಒಲಿ ಹಚ್ಚಬ್ಯಾಡ್ರಿ” ಅಂದುಬಿಡುತ್ತಾರೆ. ಪ್ರೀತಿಯ ಮಾತು, ನಿಜ. ಆದರೆ ಪಟ್ಟಿಯಲ್ಲಿ ‘1’ ಇದ್ದ ಇಪ್ಪತ್ತು ಮನೆಗೆ ಹೀಗೆ ಹೇಳಿದರೆ ಎಂಬತ್ತು ಊಟ ಜಾಸ್ತಿ ಆಯಿತು. ಕಾರ್ಡಿನ ಕವರಿನ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಕಳಿಸಿ. ‘ಮನೆ’ ಅಂತ ಇದ್ದಲ್ಲಿ ಬಾಯಿತುಂಬ ಕರೆಯಲಿ. ಉಳಿದಲ್ಲಿ “ತಪ್ಪದ ಬರ್ರಿ” ಅಂದರೆ ಸಾಕು.

ಇನ್ನೊಂದು ವಿಷಯ ಮುಹೂರ್ತ. ಆಷಾಢ, ಧನುರ್ಮಾಸ ಹೋದರೆ ಒಳ್ಳೆ ಮುಹೂರ್ತಗಳಿಗೆ ಒಂದೇ ದಿನ ಎಲ್ಲರೂ ಮುಗಿಬೀಳುತ್ತಾರೆ. 2026ರಂಥ ವರ್ಷ ಅಧಿಕ ಮಾಸ ಬೇಸಿಗೆಯಲ್ಲೇ ಬಂದರೆ ಇನ್ನೂ ಕಷ್ಟ. ಅಂಥ ದಿನ ಮಂಟಪದ ಬಾಡಿಗೆ, ಅಡುಗೆಯವರ ಕೂಲಿ, ಕ್ರೂಸರ್ ಗಾಡಿಯ ಬಾಡಿಗೆ ಎಲ್ಲ ಏರುತ್ತದೆ. ಮಂದಿ ಮಾತ್ರ ಇಳಿಯುತ್ತಾರೆ. ಒಂದೇ ದಿನ ನಾಲ್ಕು ಮದುವೆಗೆ ಹೋಗಬೇಕಾದವರು ಒಂದು ಕಡೆ ಅಕ್ಕಿಕಾಳು ಹಾಕಿ, ಇನ್ನೊಂದು ಕಡೆ ಮುಯ್ಯಿ ಕೊಟ್ಟು, ಮೂರನೇ ಕಡೆ ಊಟ ಮಾಡುತ್ತಾರೆ. ಪುರೋಹಿತರು ಎರಡು ಮೂರು ದಿನ ತೋರಿಸಿದರೆ ವಾರದ ನಡುವಿನ ದಿನ ಹಿಡಿಯಿರಿ.

ಯಾವ ರೊಕ್ಕ?

ಈಗ ಕೈಯಲ್ಲಿ ಇರುವುದನ್ನು ಬರೆಯಿರಿ. ಬರಬಹುದಾದದ್ದನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಎರಡನ್ನೂ ಕೂಡಿಸಬೇಡಿ.

ನಮ್ಮದು ಕಾಲುವೆ ಸೀಮೆ. ಬೆಳೆ ಬರುತ್ತದೆ ಅಂತ ಮದುವೆ ಗೊತ್ತು ಮಾಡುವ ರೂಢಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋದಾಗ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಎಷ್ಟು ಮನೆಗಳಲ್ಲಿ ಮದುವೆ ಮಾತು ನಿಂತಿತು ಅಂತ ನಮ್ಮ ಮಿಲ್ಲಿಗೆ ಬರುವ ರೈತರ ಬಾಯಲ್ಲೇ ಕೇಳಿದ್ದೇನೆ. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು, ನೀರು ಉಳಿಯಿತು. ಆ ವಾರ ಮಾತ್ರ ಯಾರಿಗೂ ನಿದ್ದೆ ಇರಲಿಲ್ಲ. ಎರಡನೇ ಬೆಳೆಗೆ ನೀರು ಬಿಡುತ್ತಾರೋ ಇಲ್ಲವೋ ಅನ್ನುವುದು ನೀರಾವರಿ ಸಲಹಾ ಸಮಿತಿ ಸಭೆ ಆಗುವವರೆಗೆ ಯಾರಿಗೂ ಗೊತ್ತಿರಲ್ಲ. ಗದ್ದೆಯಲ್ಲಿ ನಿಂತ ಭತ್ತ ರೊಕ್ಕ ಅಲ್ಲ. ಮಾರಿ, ದಲಾಲಿ ಅಂಗಡಿಯ ಹಳೆ ಬಾಕಿ ಮುರಿದುಕೊಂಡು, ಉಳಿದದ್ದು ಕೈಗೆ ಬಂದರೆ ಮಾತ್ರ ರೊಕ್ಕ.

ಮುಯ್ಯಿಯೂ ಹಾಗೆಯೇ. “ಮುಯ್ಯಿ ಬರತೈತಲ್ಲ, ಅದರಾಗ ಮಂಟಪದ ಬಾಕಿ ಕೊಟ್ಟರಾಯ್ತು” ಅಂತ ನಮ್ಮ ಕಾಕಾ ಹೇಳಿದರು. ಮುಯ್ಯಿ ಅಂದರೆ ಬಡ್ಡಿ ಇಲ್ಲದ ಸಾಲ. ಇನ್ನು ಹತ್ತು ವರ್ಷ ಅವರ ಮನೆಯ ಮದುವೆ, ಗೃಹಪ್ರವೇಶಕ್ಕೆ ತೀರಿಸುತ್ತಾ ಹೋಗಬೇಕು. ಅದನ್ನು ಬಜೆಟ್ಟಿನ ಆದಾಯದಲ್ಲಿ ಬರೆಯಲಿಲ್ಲ.

ಸಾಲ ಮಾಡಲೇಬೇಕು ಅಂದರೆ ಬಡ್ಡಿಯನ್ನು ವರ್ಷದ ಲೆಕ್ಕದಲ್ಲಿ ಹಾಕಿ ನೋಡಿ. “ನೂರಕ್ಕೆ ಮೂರು ರೂಪಾಯಿ” ಅಂದರೆ ಕಡಿಮೆ ಅಂತ ಕೇಳಿಸುತ್ತದೆ. 2 ಲಕ್ಷ ತಂದರೆ ತಿಂಗಳಿಗೆ 6,000, ವರ್ಷಕ್ಕೆ 72,000. ಅಸಲು ಹಾಗೇ ನಿಂತಿರುತ್ತದೆ. ಮನೆಯಲ್ಲಿ ಬಂಗಾರ ಇದ್ದರೆ ಬ್ಯಾಂಕಿನಲ್ಲಿ ಇಟ್ಟು ತರುವುದು ಇದಕ್ಕಿಂತ ಎಷ್ಟೋ ಅಗ್ಗ. ಅವ್ವನ ಸರ ಅಡವಿಟ್ಟು ಮಗಳಿಗೆ ಸರ ಮಾಡಿಸುವುದು ಮಾತ್ರ ನನಗೆ ಇವತ್ತಿಗೂ ಅರ್ಥವಾಗದ ವ್ಯವಹಾರ. ಮೈಕ್ರೋ ಫೈನಾನ್ಸ್ ವಸೂಲಿ ಕಿರುಕುಳದ ವಿರುದ್ಧ 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಆದರೆ ವಾರದ ಕಂತು ವಾರ ವಾರ ಕಟ್ಟಲೇಬೇಕು. ಅವ್ವನ ಹೆಸರಿನಲ್ಲಿ ಸಂಘದ ಸಾಲ ತೆಗೆಯುವ ಮುಂಚೆ ಆ ಕಂತು ಯಾರ ದುಡಿಮೆಯಿಂದ ಹೋಗುತ್ತದೆ ಅಂತ ಹೆಸರು ಹಿಡಿದು ಬರೆಯಿರಿ.

ಯಾರ ಖರ್ಚು ಯಾರದು ಅನ್ನುವುದು ಮಾತುಕತೆಯ ದಿನವೇ ಬಿಳಿ ಹಾಳೆಯ ಮೇಲೆ ಬರಬೇಕು. ಮಂಟಪ ಯಾರದು, ಊಟ ಯಾರದು, ತಾಳಿ ಯಾರದು, ಬೀಗರ ಊಟ ಎಲ್ಲಿ, ಗಂಡಿನ ಕಡೆ ಗಾಡಿ ಬಾಡಿಗೆ ಯಾರು ಕೊಡುತ್ತಾರೆ. ಯಾದಿ, ಅಂದರೆ ಎರಡೂ ಕಡೆಯವರು ಕೂತು ಪಟ್ಟಿ ಬರೆಯುವ ಪದ್ಧತಿ, ಇರುವುದೇ ಇದಕ್ಕೆ. ಆದರೆ ಎಷ್ಟೋ ಕಡೆ ಅದರಲ್ಲಿ ಕೊಡುವುದು ತರುವುದಷ್ಟೇ ಬರೆಯುತ್ತಾರೆ, ಖರ್ಚು ಬರೆಯಲ್ಲ. ವರದಕ್ಷಿಣೆ ಅನ್ನುವ ಸಾಲು ನಮ್ಮ ಹಾಳೆಯಲ್ಲಿ ಇರಲಿಲ್ಲ. 1961ರ ಕಾಯ್ದೆಯ ಪ್ರಕಾರ ತಗೊಳ್ಳುವುದಷ್ಟೇ ಅಲ್ಲ, ಕೊಡುವುದೂ ಅಪರಾಧ. ಪ್ರೀತಿಯಿಂದ ಕೊಟ್ಟ ಉಡುಗೊರೆಗಳಿಗೂ ಯಾರು ಏನು ಕೊಟ್ಟರು, ಬೆಲೆ ಎಷ್ಟು ಅಂತ ಪಟ್ಟಿ ಮಾಡಿ ಮದುಮಕ್ಕಳು ಸಹಿ ಹಾಕಬೇಕು ಅಂತ ನಿಯಮ ಇದೆ. ನಾವು ಮಾಡಿದೆವು. ಎರಡೂ ಮನೆಯಲ್ಲಿ ಒಂದೊಂದು ಪ್ರತಿ ಇದೆ.

ನಮ್ಮ 8 ಲಕ್ಷ ಹೀಗೆ ಹಂಚಿತ್ತು: ಬಂಗಾರ 2.5 ಲಕ್ಷ, ಊಟ 1.9, ಜವಳಿ ಮತ್ತು ಆಯೇರಿ 1.1, ಮಂಟಪ 90 ಸಾವಿರ, ಫೋಟೊ ವಿಡಿಯೊ 45, ಹೂವು ಸ್ಟೇಜು 35, ಗಾಡಿ 25. ಉಳಿದ 55 ಸಾವಿರಕ್ಕೆ ಹೆಸರೇ ಇಡಲಿಲ್ಲ. ಅದನ್ನು ಬೇರೆ ಖಾತೆಯಲ್ಲಿ ಹಾಕಿ ಎಟಿಎಂ ಕಾರ್ಡು ನನ್ನ ಹತ್ತಿರ ಇಟ್ಟುಕೊಂಡೆ. ನಿಮ್ಮ ಬೆಲೆಗಳು ಬೇರೆ ಇರುತ್ತವೆ. ಹೆಸರಿಲ್ಲದ ಸಾಲು ಮಾತ್ರ ಇರಲೇಬೇಕು.

ಬಂಗಾರ

ಬಂಗಾರವನ್ನು ಮೊದಲು ಗ್ರಾಂನಲ್ಲಿ ಗಟ್ಟಿ ಮಾಡಿ. ಮಾತುಕತೆಯ ದಿನ “ಎರಡೂವರೆ ಲಕ್ಷದ ಬಂಗಾರ” ಅಂದು, ಮದುವೆಯ ಹೊತ್ತಿಗೆ ರೇಟು ಏರಿದರೆ ತೂಕ ಕಮ್ಮಿ ಆಯಿತು ಅಂತ ಬೀಗರ ಮುಖ ಕೆಡುತ್ತದೆ. ಗ್ರಾಂ ಹೇಳಿದರೆ ರೇಟಿನ ಭಾರ ನಿಮ್ಮದು. ಹಾಗಾಗಿ ಗಟ್ಟಿಯಾದ ಕೂಡಲೇ ಕೊಳ್ಳುತ್ತಾ ಹೋಗಿ. 2025ರಲ್ಲಿ ಹತ್ತು ಗ್ರಾಂ ಅಪರಂಜಿ ಲಕ್ಷ ರೂಪಾಯಿ ದಾಟಿತು. ನಾವು ತಾಳಿ, ಓಲೆ, ಒಂದು ಸರ ಸೇರಿ 25 ಗ್ರಾಂ ಅಂತ ಹೇಳಿದ್ದೆವು. ಅವ್ವನ ಮುರಿದ ಬಳೆ ಹಾಕಿ ಬದಲಿಸಿದ್ದು ಬೇರೆ.

ಅಂಗಡಿಯಲ್ಲಿ ಗ್ರಾಂ ರೇಟು ಎಲ್ಲರೂ ಕೇಳುತ್ತಾರೆ. ಚೌಕಾಸಿ ಮಾಡಬೇಕಾದದ್ದು ಮಜೂರಿಯಲ್ಲಿ, ಅಂದರೆ ಒಡವೆ ಮಾಡುವ ಕೂಲಿಯಲ್ಲಿ. ಕಲ್ಲಿನ ತೂಕ ಬಂಗಾರದ ತೂಕದಲ್ಲಿ ಸೇರಿದೆಯಾ ಅಂತ ಕೇಳಿ. ಬಿಲ್ಲಿನಲ್ಲಿ ಶೇ 3 ಜಿಎಸ್‌ಟಿ ಬರುತ್ತದೆ, ಅದನ್ನು ಮೊದಲೇ ಲೆಕ್ಕದಲ್ಲಿ ಹಿಡಿಯಿರಿ. ಒಡವೆಯ ಮೇಲೆ ಹಾಲ್‌ಮಾರ್ಕ್ ಜೊತೆ ಆರು ಅಕ್ಷರ-ಅಂಕಿಯ ಎಚ್‌ಯುಐಡಿ ಅನ್ನುವ ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ಅಲ್ಲೇ ನೋಡಬಹುದು. 2 ಲಕ್ಷ ಮತ್ತು ಅದಕ್ಕಿಂತ ಮೇಲಿನ ವ್ಯವಹಾರಕ್ಕೆ ನಗದು ತಗೊಳ್ಳುವಂತಿಲ್ಲ, 2 ಲಕ್ಷ ದಾಟಿದರೆ ಪ್ಯಾನ್ ಕಾರ್ಡೂ ಬೇಕು. ಚೀಲದಲ್ಲಿ ರೊಕ್ಕ ಕಟ್ಟಿಕೊಂಡು ಹೋಗುವ ಅಪ್ಪಂದಿರಿಗೆ ಇದನ್ನು ಮೊದಲೇ ಹೇಳಿಬಿಡಿ.

ಊಟ

ಇಲ್ಲಿ ಎರಡು ದಾರಿ. ಒಂದು, ಪ್ಲೇಟಿಗೆ ಇಷ್ಟು ಅಂತ ಗುತ್ತಿಗೆ. ಇನ್ನೊಂದು, ಸಾಮಾನು ನಮ್ಮದು, ಅಡುಗೆಯವರಿಗೆ ಕೂಲಿ. ಮನೆಯಲ್ಲಿ ಓಡಾಡುವ ನಾಲ್ಕು ಗಂಡಾಳು ಇದ್ದರೆ ಎರಡನೆಯದು ಅಗ್ಗ. ಇಲ್ಲದಿದ್ದರೆ ಗುತ್ತಿಗೆ ಕೊಟ್ಟು ಸುಮ್ಮನಿರಿ. ಉಳಿಸಿದ ರೊಕ್ಕಕ್ಕಿಂತ ಜಗಳವೇ ಜಾಸ್ತಿ ಆಗುತ್ತದೆ.

ನಾವು ಸಾಮಾನು ತಂದೆವು. ಅಕ್ಕಿ ಮನೆಯದೇ, ಸೋನಾ ಮಸೂರಿ. ರೊಟ್ಟಿ, ಸಿಹಿ ಎಲ್ಲ ಇದ್ದರೆ ನೂರು ಮಂದಿಗೆ ಹತ್ತು ಕೆಜಿ ಅಕ್ಕಿ ಸಾಕು. ಅಡುಗೆಯವರ ಪಟ್ಟಿಯಲ್ಲಿ ಹದಿನೈದರ ಲೆಕ್ಕ ಇತ್ತು. ಒಂದೂವರೆ ಪಾಲು ಬರೆಯುವುದು ಅವರ ಅಭ್ಯಾಸ, ಕಡಿಮೆ ಬಿದ್ದರೆ ಬೈಗುಳ ಅವರಿಗೇ ಅಲ್ವಾ? ಜೋಳದ ಖಡಕ್ ರೊಟ್ಟಿಯನ್ನು ಒಂದು ವಾರ ಮೊದಲೇ ಓಣಿಯ ಹೆಂಗಸರಿಗೆ ರೊಟ್ಟಿಗಿಷ್ಟು ಅಂತ ಕೊಟ್ಟೆವು. ಅದು ಕೆಡಲ್ಲ, ಬಟ್ಟೆ ಸುತ್ತಿ ಬುಟ್ಟಿಯಲ್ಲಿಟ್ಟರೆ ಆಯಿತು. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ. ಮಧ್ಯಾಹ್ನ ಗೋಧಿ ಹುಗ್ಗಿ, ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಅನ್ನ, ಸಾರು, ಮಜ್ಜಿಗೆ. ತಂಗಿಯ ಗೆಳತಿಯರು ಗೋಬಿ ಮಂಚೂರಿ, ಪನೀರ್, ಐಸ್‌ಕ್ರೀಂ ಕೌಂಟರ್ ಬೇಕು ಅಂದರು. ಐಸ್‌ಕ್ರೀಂ ಒಂದಕ್ಕೆ ಒಪ್ಪಿದೆವು, ಮೇ ತಿಂಗಳ ಬಿಸಿಲಿಗೆ. ಹುಗ್ಗಿ, ಎಣ್ಣೆಗಾಯಿ ಚೆನ್ನಾಗಿದ್ದರೆ ಪನೀರ್ ಇರಲಿಲ್ಲ ಅಂತ ಈ ಸೀಮೆಯಲ್ಲಿ ಯಾರೂ ಮಾತಾಡಲ್ಲ.

ಗುತ್ತಿಗೆ ಕೊಡುವವರು ಮೂರು ಮಾತು ಬರೆಸಿಕೊಳ್ಳಿ. ಕನಿಷ್ಠ ಎಷ್ಟು ಪ್ಲೇಟಿನ ರೊಕ್ಕ ಕೊಡಲೇಬೇಕು, ಜಾಸ್ತಿ ಆದರೆ ಪ್ಲೇಟಿಗೆ ಎಷ್ಟು, ಎಣಿಸುವುದು ಹೇಗೆ. ಮೂರನೆಯದರಲ್ಲೇ ತಕರಾರು ಬರುವುದು. ನಮ್ಮ ಅತ್ತೆಯ ಮಗಳ ಮದುವೆ ಗುತ್ತಿಗೆಯದು. ಅಲ್ಲಿ ಹತ್ತನೇ ಕ್ಲಾಸಿನ ಒಬ್ಬ ಹುಡುಗನನ್ನು ಎಲೆಯ ಕಟ್ಟಿನ ಪಕ್ಕ ಸ್ಟೂಲ್ ಹಾಕಿ ಕೂರಿಸಿದೆ. ಕಟ್ಟಿಗೆ ನೂರು ಎಲೆ. ಕಟ್ಟು ಬಿಚ್ಚಿದಾಗಲೆಲ್ಲ ಗೋಡೆಯ ಮೇಲೆ ಅಂಟಿಸಿದ ಹಾಳೆಯಲ್ಲಿ ಒಂದು ಗೆರೆ, ಗುತ್ತಿಗೆಯವರ ಕಡೆಯವನದೂ ಅದೇ ಹಾಳೆಯಲ್ಲಿ ಸಹಿ. ಕೊನೆಗೆ ಉಳಿದ ಎಲೆ ಎಣಿಸಿ ಕಳೆದರು. ಗುತ್ತಿಗೆಯವರ ಕಡೆ ಒಬ್ಬರು 900 ಊಟ ಅನ್ನುತ್ತಾ ಬಂದರು, ಹಾಳೆ ನೋಡಿ ವಾಪಸ್ ಹೋದರು.

ನೀರಿನ ಸಣ್ಣ ಬಾಟಲಿ ಎಲ್ಲರ ಎಲೆಯ ಮುಂದೆ ಇಟ್ಟರೆ ಅರ್ಧ ಕುಡಿದು ಬಿಟ್ಟು ಏಳುತ್ತಾರೆ. ಬಾಟಲಿ ಸ್ಟೇಜಿನ ಮುಂದೆ ಕೂತವರಿಗೆ, ಪಂಕ್ತಿಯಲ್ಲಿ ಕ್ಯಾನ್ ನೀರು ಮತ್ತು ಲೋಟ.

ಮಂಟಪದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಾಡಿಗೆ ಹೇಳುವಾಗ ಕರೆಂಟ್, ಜನರೇಟರ್ ಡೀಸೆಲ್, ಕ್ಲೀನಿಂಗ್, ಪಾತ್ರೆ ಅದರಲ್ಲಿ ಸೇರಿವೆಯಾ ಕೇಳಿ. ಬೀಗದ ಕೈ ತಗೊಂಡ ತಕ್ಷಣ ಕರೆಂಟ್ ಮೀಟರ್ ಮುಂದೆ ನಿಂತು ಮೊಬೈಲಿನಲ್ಲಿ ಫೋಟೊ ಹೊಡೆಯಿರಿ, ಬಿಡುವಾಗ ಇನ್ನೊಂದು. ಬೇಸಿಗೆಯಲ್ಲಿ ಕೂಲರ್ ಎಷ್ಟು ಕೊಡುತ್ತಾರೆ ಅಂತಲೂ ಕೇಳಿ. ಅವತ್ತು ಹೊರಗಿನಿಂದ ತರಿಸಿದರೆ ಅವರು ಹೇಳಿದ್ದೇ ರೇಟು. ಮನೆ ಮುಂದೆ ಹಂದರ ಹಾಕುವ ಜಾಗ ಇದ್ದರೆ, ಊರಿನ ಗುಡಿ ಇದ್ದರೆ, ಮಂಟಪವೇ ಬೇಡ. ಮಠಗಳ, ಜಾತ್ರೆಗಳ ಸಾಮೂಹಿಕ ವಿವಾಹದಲ್ಲಿ ತಾಳಿ ಕಟ್ಟಿ, ಮನೆಯಲ್ಲಿ ಬೀಗರ ಊಟ ಮಾಡಿದವರು ನಮ್ಮ ಬಳಗದಲ್ಲೇ ಇದ್ದಾರೆ. ಸಾಲವಿಲ್ಲದೆ ಸಂಸಾರ ಶುರು ಮಾಡಿದರು.

ಬೀಗರನ್ನು ಕರೆತರಲು ಕ್ರೂಸರ್ ಎಷ್ಟು ಅಂತ ಲೆಕ್ಕ ಹಾಕುವಾಗ ಒಂದು ನೆನಪಿಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಸಾರಿಗೆ ಬಸ್ಸು ಪುಕ್ಕಟೆ. ಬಸ್ ಸೌಕರ್ಯ ಇರುವ ಊರಿನ ಹೆಂಗಸರು ಆಧಾರ್ ಕಾರ್ಡ್ ಹಿಡಿದು ತಾವೇ ಬಂದರು. ನಮಗೆ ಎರಡು ಗಾಡಿ ಕಮ್ಮಿ ಆಯಿತು.

ಜವಳಿ, ಆಯೇರಿ, ಮತ್ತು ಮಾವನ ಡಿಜೆ

ಜವಳಿ ತರಲು ಎರಡು ಗಾಡಿ ಮಂದಿ ಹೋಗುವ ಪದ್ಧತಿ ನಿಲ್ಲಿಸಿ. ಅಷ್ಟು ಮಂದಿಗೆ ನಾಷ್ಟಾ, ಊಟ, ಚಹಾ, ಆಮೇಲೆ “ನನಗೂ ಒಂದು ಸೀರಿ”. ಮದುಮಗಳು, ಅವ್ವ, ಬೀಗರ ಕಡೆ ಇಬ್ಬರು, ರೊಕ್ಕ ಕೊಡುವವರು ಒಬ್ಬರು. ಇಷ್ಟು ಸಾಕು. ಅಂಗಡಿಯವರಿಗೆ ಮೊದಲೇ “ಇಷ್ಟರಿಂದ ಇಷ್ಟರವರೆಗೆ ತೋರಿಸಿ” ಅನ್ನಿ. ಮೇಲಿನ ಬೆಲೆಯ ಸೀರೆ ಒಂದು ಸಲ ಬಿಚ್ಚಿದರೆ ಮುಗಿಯಿತು, ಕೆಳಗಿನದು ಯಾವುದೂ ಕಣ್ಣಿಗೆ ಹಿಡಿಯಲ್ಲ.

ಆಯೇರಿ ಸೀರೆಗಳ ಕಥೆ ಎಲ್ಲರಿಗೂ ಗೊತ್ತು. ಪ್ಲಾಸ್ಟಿಕ್ ಕವರು ಬಿಚ್ಚದೆ ನಾಲ್ಕು ಮದುವೆ ಸುತ್ತಿ ಬರುತ್ತವೆ. ಹತ್ತಿರದ ಸಂಬಂಧದ ಹನ್ನೆರಡು ಮನೆಗೆ ಒಳ್ಳೆಯದೇ ಸೀರೆ ಕೊಟ್ಟು, ಉಳಿದವರಿಗೆ ಕುಂಕುಮ, ಕುಪ್ಪಸದ ಖಣ, ತೆಂಗಿನಕಾಯಿ ಅಂತ ಮಾಡಿದೆವು. ಮೊದಲೇ ಹಿರಿಯರ ಕಿವಿಗೆ ಹಾಕಿದ್ದರಿಂದ ಯಾರೂ ಮುನಿಸಿಕೊಳ್ಳಲಿಲ್ಲ. ದೊಡ್ಡಮ್ಮ ಒಬ್ಬರು ಮುನಿಸಿಕೊಂಡರು, ಅವರು ಅಣ್ಣನ ಮದುವೆಯಲ್ಲೂ ಮುನಿಸಿಕೊಂಡಿದ್ದರು.

ಬಜೆಟ್ ಒಡೆಯುವುದು ಹೊರಗಿನವರಿಂದ ಅಲ್ಲ, ಪ್ರೀತಿಯ ಮಂದಿಯಿಂದ. ನಮ್ಮ ಸೋದರಮಾವ ಮೆರವಣಿಗೆಗೆ ಡಿಜೆ ಬೇಕು ಅಂತ ಹಟ ಹಿಡಿದರು.

“ಒಂದ ಸಲ ಆಗೋ ಮದುವಿ. ಹಿಂಗ ಪೈಸೆ ಪೈಸೆ ಲೆಕ್ಕ ಹಾಕಿದ್ರ ಹೆಂಗವ್ವಾ?”

“ಆಗ್ಲಿ ಮಾವಾ, ತರಿಸ್ರಿ. ಮಾವನ ಉಡುಗೊರಿ ಅಂತ ಬರಕೋತೀನಿ.”

ಮಾವ ಸ್ವಲ್ಪ ಹೊತ್ತು ಮೀಸೆ ತಿರುವಿದರು. ಆಮೇಲೆ ಅವರೇ ಊರಿನ ಡೊಳ್ಳಿನವರನ್ನು ಗೊತ್ತು ಮಾಡಿ ಬಂದರು, ರೊಕ್ಕವೂ ಅವರದೇ. ಮೆರವಣಿಗೆ ಭರ್ಜರಿಯಾಗಿತ್ತು. ಯಾರಾದರೂ ಪಟ್ಟಿಯಲ್ಲಿ ಇಲ್ಲದ್ದನ್ನು ಕೇಳಿದರೆ ಇಲ್ಲ ಅನ್ನಬೇಡಿ. ಅದನ್ನು ಅವರ ಉಡುಗೊರೆಯಾಗಿ ಬರೆದುಕೊಳ್ಳಿ. ಇಲ್ಲವೇ ಪಟ್ಟಿಯಲ್ಲಿ ಯಾವುದನ್ನು ಹೊಡೆಯಬೇಕು ಅಂತ ಅವರನ್ನೇ ಕೇಳಿ. ತಂಗಿಗೆ ಪ್ರೀ ವೆಡ್ಡಿಂಗ್ ಶೂಟ್ ಬೇಕಿತ್ತು. ಹೂವಿನ ಸ್ಟೇಜು ಸಣ್ಣದು ಮಾಡಿಸಿ ಆ ರೊಕ್ಕದಲ್ಲಿ ಆನೆಗೊಂದಿ, ಸಾಣಾಪುರದ ಕಡೆ ಒಂದು ಬೆಳಿಗ್ಗೆ ಮುಗಿಸಿದಳು. ಹಂಪಿಯ ಸ್ಮಾರಕಗಳ ಒಳಗೆ ಶೂಟಿಂಗ್ ಮಾಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಬಂಡೆ, ಗದ್ದೆ, ಬಾಳೆತೋಟಕ್ಕೆ ಆ ತಾಪತ್ರಯ ಇಲ್ಲ.

ಕೊನೆಯ ಮೂರು ದಿನ

ಅಲ್ಲಿಯವರೆಗೆ ಹಿಡಿತದಲ್ಲಿದ್ದ ಲೆಕ್ಕ ಅರಿಷಿಣದ ದಿನದಿಂದ ಕೈತಪ್ಪುತ್ತದೆ. ಎಲ್ಲರ ಜೇಬಿನಿಂದಲೂ ರೊಕ್ಕ ಹೋಗುತ್ತಿರುತ್ತದೆ. ಐದು ನೂರು ಹೂವಿಗೆ, ಇನ್ನೂರು ಆಟೋಗೆ, ಸಾವಿರ ಇನ್ಯಾರಿಗೋ. ಇದಕ್ಕೆ ನಾನು ಮಾಡಿದ್ದು ಕವರುಗಳು. ಪುರೋಹಿತರು, ವಾಲಗದವರು, ಅಡುಗೆಯವರ ಬಾಕಿ, ಬಡಿಸುವ ಹುಡುಗರು, ಡ್ರೈವರುಗಳು, ಕ್ಲೀನಿಂಗ್ ಹೆಂಗಸರು, ಡೆಕೋರೇಷನ್ ಬಾಕಿ. ಪ್ರತಿಯೊಂದರ ಮೇಲೆ ಹೆಸರು, ಒಪ್ಪಿದ ಮೊತ್ತ, ಕೊಟ್ಟ ಮುಂಗಡ, ಉಳಿದ ಬಾಕಿ. ಒಳಗೆ ಬಾಕಿಯಷ್ಟೇ ರೊಕ್ಕ. ಬ್ಯಾಗು ನನ್ನ ಹೆಗಲಿನಲ್ಲಿ. ಅಣ್ಣನಿಗೆ ಚಿಲ್ಲರೆ ಖರ್ಚಿಗೆ ಅಂತ ಒಂದು ಕವರು ಬೇರೆ ಕೊಟ್ಟೆ, ಅದು ಖಾಲಿಯಾದರೆ ಬಂದು ಕೇಳಬೇಕು. ಬಂದು ಕೇಳಬೇಕಲ್ಲ ಅಂತ ಅರ್ಧ ಖರ್ಚು ತಾನೇ ನಿಂತಿತು.

ಮುಯ್ಯಿ ಟೇಬಲ್ಲಿನಲ್ಲಿ ಇಬ್ಬರು ಇರಲಿ. ಬರೆಯುವವರು ಒಬ್ಬರು, ರೊಕ್ಕ ತಗೊಳ್ಳುವವರು ಒಬ್ಬರು. ಈಗ ಫೋನ್‌ಪೇ ಮಾಡುವವರೂ ಇದ್ದಾರೆ. ಅದನ್ನೂ ಅಲ್ಲೇ ಹೆಸರು, ಊರು ಕೇಳಿ ಬರೆಸಿ. ಬರೀ ಮೊಬೈಲಿನಲ್ಲಿ ಬಂದ ಹೆಸರು ನೋಡಿದರೆ ಯಾರು ಅಂತ ಆಮೇಲೆ ತಿಳಿಯಲ್ಲ. ಪೂರ್ತಿ ಮೊತ್ತ ಅವತ್ತೇ ರಾತ್ರಿ ಎಣಿಸಿ ಮಾರನೇ ದಿನ ಬ್ಯಾಂಕಿಗೆ ಹಾಕಿ.

ಮದುವೆ ಮುಗಿದ ವಾರದಲ್ಲಿ ಮಂಟಪದ ಡಿಪಾಸಿಟ್ ವಾಪಸ್ ತನ್ನಿ. ಬಾಡಿಗೆ ಪಾತ್ರೆ ಎಣಿಸಿ ಕೊಡಿ, ಕಳೆದ ಸೌಟಿಗೂ ಅವರು ರೇಟು ಹಾಕುತ್ತಾರೆ. ಫೋಟೊದವರಿಗೆ ಕೊನೆಯ ಕಂತು ಆಲ್ಬಮ್ ಕೈಗೆ ಬಂದಮೇಲೆಯೇ. ಪೂರ್ತಿ ವಿಡಿಯೊ, ಎಲ್ಲ ಫೋಟೊ ಇರುವ ಪೆನ್‌ಡ್ರೈವ್ ಮನೆಯ ಟಿವಿಗೆ ಹಾಕಿ, ಓಡುತ್ತದಾ ಅಂತ ಅವರ ಮುಂದೆಯೇ ನೋಡಿ, ಆಮೇಲೆ ರೊಕ್ಕ ಕೊಡಿ.